ಬಲರೆಕ್ಕೆಯ ಬೊಟ್ಟು

ನಾನು ಹುಟ್ಟಿದಾಗ ನನಗೆ ಎಂಜಿನ್ ಇರಲಿಲ್ಲ. ಬೇರೆ ವಿಮಾನಗಳ ಕಥೆ ಹೇಗೋ ಗೊತ್ತಿಲ್ಲ. ನನ್ನನ್ನಂತೂ ರೆಕ್ಕೆ, ಬಾಲ, ಹೊಟ್ಟೆ, ಕಾಲು ಎಲ್ಲ ಜೋಡಿಸಿ ನಿಲ್ಲಿಸಿ, ಎಂಜಿನ್ ಯಾವುದು ಅಂತ ಆಮೇಲೆ ನೋಡಿಕೊಳ್ಳೋಣ ಎಂದು ಬಿಟ್ಟರು. ಎಂಜಿನ್ ಇಲ್ಲದ ವಿಮಾನಕ್ಕೆ ಮುಂದೆ ಭಾರ ಸಾಲದು, ಬಾಲ ಊರಿ ಕುಕ್ಕರಿಸಿಬಿಡುತ್ತದೆ. ಹಾಗಾಗದಿರಲೆಂದು ಎಂಜಿನ್ ಕೂರಬೇಕಾದ ಎರಡೂ ಜಾಗಕ್ಕೆ ಮರಳಿನ ಚೀಲ ಕಟ್ಟಿದರು. ಎಂಟು ತಿಂಗಳು ನಾನು ಮರಳು ಹೊತ್ತುಕೊಂಡು ನಿಂತಿದ್ದೆ. ನೋಡಲು ಬಂದವರು ನಕ್ಕು ಹೋದರು. ನಗಲಿ ಬಿಡಿ, ನನಗೇನು.

ಬೆಂಗಳೂರಿನ ಪೂರ್ವದ ಅಂಚಿನಲ್ಲಿ ತಗಡು ಹೊದಿಸಿದ ಒಂದು ದೊಡ್ಡ ಹ್ಯಾಂಗರ್ ನನ್ನ ತವರು. ಟರ್ಬೊಪ್ರಾಪ್ ಅನ್ನುತ್ತಾರಲ್ಲ, ಒಳಗೆ ಜೆಟ್ ಥರದ ಯಂತ್ರ, ಹೊರಗೆ ತಿರುಗುವ ಪಂಖ, ಆ ಜಾತಿ ನನ್ನದು. ಅಂಥ ಎಂಜಿನ್ ನನಗೆ ಎರಡು ಬೇಕು. ಹದಿನಾಲ್ಕು ಸೀಟು. ಸೀಟು ಬಿಚ್ಚಿದರೆ ಔಷಧದ ಪೆಟ್ಟಿಗೆ, ಸ್ಟ್ರೆಚರ್, ಅಕ್ಕಿ ಮೂಟೆ, ಯಾವುದನ್ನು ತುಂಬಿದರೂ ಸರಿ. ದೊಡ್ಡ ವಿಮಾನಗಳು ಮೂಗು ಮುರಿಯುವ ಸಣ್ಣಪುಟ್ಟ ಜಾಗಗಳಿಗೆ ಹೋಗಿಬರಲೆಂದೇ ನನ್ನನ್ನು ಮಾಡಿದ್ದು. ಚೆಲುವೆ ಅಂತ ಯಾರೂ ಅನ್ನಲಿಲ್ಲ. ಮಡಚಲು ಬಾರದ ಉದ್ದ ಕಾಲು, ಚೂಪು ಮೂತಿ ನೋಡಿ ಕೆಲಸದವರು ‘ಕೊಕ್ಕರೆ’ ಅಂತ ಕರೆದರು, ಅದೇ ನಿಂತಿತು. ಕಾಗದದಲ್ಲಿ ನನಗೊಂದು ನಂಬರಿದೆ. ಆ ಹೆಸರಿನಿಂದ ಯಾರಾದರೂ ಕೂಗಿದ್ದು ನೆನಪಿಲ್ಲ.

ನನ್ನ ಎಂಜಿನ್ ಬಗ್ಗೆ ಜಗಳವಾಡುತ್ತಿದ್ದವರು ಇಬ್ಬರು. ಒಬ್ಬರು ಶಾಲ್ಮಲಾ ದೇಸಾಯಿ, ಧಾರವಾಡದವರು, ನನ್ನನ್ನು ಕಾಗದದ ಮೇಲೆ ಒಂಬತ್ತು ವರ್ಷ ಬರೆದು ಅಳಿಸಿ ಬರೆದವರು. ಇನ್ನೊಬ್ಬರು ಮುನಿವೆಂಕಟಪ್ಪ, ಕೋಲಾರದ ಕಡೆಯವರು, ಎಂಜಿನ್ ವಿಭಾಗದ ಹಿರಿಯ ತಪಾಸಕರು. ಒಂದು ವರ್ಷ ಬಿಟ್ಟು ಬರುವ ಜನವರಿಗೆ ಮೂವತ್ತಾರು ವರ್ಷದ ಸರ್ವಿಸು ತುಂಬಿ ನಿವೃತ್ತಿ. ಅವರ ಜೇಬಿನಲ್ಲಿ ಹದಿನೇಳು ಅಂತ ಕೆತ್ತಿದ ಒಂದು ದುಂಡು ಮೊಹರಿತ್ತು. ಯಾವ ಭಾಗ ನೋಡಿ ಕಾಗದದ ಮೇಲೆ ಆ ಮೊಹರು ಒತ್ತಿದರೋ ಆ ಭಾಗ ಸರಿಯಿದೆ ಅಂತ ಅರ್ಥ. ಆಮೇಲೆ ಇನ್ನೊಬ್ಬರು ಬಂದು ನೋಡುವ ಪದ್ಧತಿ ಅಲ್ಲಿರಲಿಲ್ಲ. ‘ಹದಿನೇಳು ಬಿದ್ದಿದೆಯಾ? ಹಾಗಾದರೆ ಆಯ್ತು’ ಅಂತ ಎಲ್ಲರೂ ಮುಂದೆ ಹೋಗುತ್ತಿದ್ದರು.

ಮುನಿವೆಂಕಟಪ್ಪನವರಿಗೆ ಹಳೆಯ ಎಂಜಿನ್ ಬೇಕಿತ್ತು. ಅದು ಲೋಕವೆಲ್ಲ ಓಡಾಡಿ ಪಳಗಿದ ಎಂಜಿನ್. ಯಾವ ಮೂಲೆಗೆ ಹೋಗಿ ಕೆಟ್ಟರೂ ಸ್ಪ್ಯಾನರ್ ಹಿಡಿದ ಒಬ್ಬನಾದರೂ ಅದನ್ನು ಬಲ್ಲವನು ಸಿಗುತ್ತಾನೆ.

‘ಪಕ್ಕದಾಗೆ ನಿಂತು ಕಿವಿ ಕೊಟ್ರೆ ಸಾಕು ಮೇಡಂ, ಎಲ್ಲಿ ನೋಯ್ತಾ ಐತೆ ಅಂತ ಅದೇ ಹೇಳ್ತದೆ,’ ಅನ್ನುತ್ತಿದ್ದರು. ‘ನಿಮ್ದು ಹೊಸಾದು ಇದ್ಯಲ್ಲ, ಅದು ಕಂಪ್ಯೂಟರ್ ಹತ್ರ ಮಾತ್ರ ಮಾತಾಡ್ತದೆ. ನಮ್ ಹತ್ರ ಮಾತೇ ಇಲ್ಲ.’

ಶಾಲ್ಮಲಾ ನಕ್ಕುಬಿಡುತ್ತಿದ್ದರು. ಆದರೆ ಅವರ ಮಾತು ಬೇರೆ. ಹೊಸ ಎಂಜಿನ್‌ಗೆ ಶಕ್ತಿ ಹೆಚ್ಚು, ಇಂಧನ ಕಮ್ಮಿ. ಎತ್ತರದ ಕಣಿವೆಯಲ್ಲಿ, ಗಿಡ್ಡ ರನ್‌ವೇ ಮೇಲೆ, ಮೇ ತಿಂಗಳ ಮಧ್ಯಾಹ್ನ ಏರುವಾಗ ಒಂದು ಎಂಜಿನ್ ನಿಂತುಹೋಯಿತು ಅಂತಿಟ್ಟುಕೊಳ್ಳಿ. ಉಳಿದ ಒಂದರಲ್ಲೇ ನಾನು ಮೇಲೆ ಹೋಗಬೇಕು. ಹಳೆಯ ಎಂಜಿನ್ನಾದರೆ ಒಂಬತ್ತು ಜನರನ್ನಷ್ಟೇ ಹೊರಬಲ್ಲೆ. ಹೊಸದಾದರೆ ಹದಿನಾಲ್ಕೂ ಸೀಟು.

‘ಪ್ರವಾಹ ಬಂದದ ಅಂತ ತಿಳ್ಕೋರಿ,’ ಅಂದರು ಒಮ್ಮೆ, ನನ್ನ ಬಾಗಿಲ ಮೆಟ್ಟಿಲ ಮೇಲೆ ಕೂತು. ‘ಹದಿನಾಲ್ಕು ಮಂದಿ ಹತ್ತಿ ಕುಂತಾರ. ಐದು ಮಂದಿ ಇಳೀಬೇಕು. ನೀವು ಇಳೀರಿ ಅಂತ ಯಾರು ಹೇಳಾವ್ರು, ಮುನಿವೆಂಕಟಪ್ಪನವ್ರ? ನೀವು ಹೇಳ್ತೀರೇನು?’

ಮುನಿವೆಂಕಟಪ್ಪನವರು ಬೀಡಿ ಸೇದಿ ಬರುತ್ತೇನೆ ಅಂತ ಎದ್ದು ಹೋದರು.

ಕೊನೆಗೆ ಆಯ್ಕೆ ಸಮಿತಿಯವರು ಒಂದು ತೀರ್ಮಾನಕ್ಕೆ ಬಂದರು. ಮೊದಲು ಹಳೆಯ ಎಂಜಿನ್ ಹಾಕಿ ಒಂದು ವರ್ಷ ಹಾರಿಸಿ, ಆಮೇಲೆ ಹೊಸದು ಹಾಕಿ ನೋಡಿ, ಆಗ ಹೇಳುತ್ತೇವೆ ಅಂತ. ಮರಳು ಇಳಿಯಿತು. ಹಳೆಯ ಎಂಜಿನ್‌ಗಳು ಬಂದವು. ನಾನು ಹಾರಿದೆ. ಮೊದಲ ಸಲ ಹಾರಿದ್ದು ಹೇಗಿತ್ತು ಅಂತ ಕೇಳಬೇಡಿ. ಎಲ್ಲ ವಿಮಾನಗಳೂ ಅದನ್ನು ಹೇಳಿ ಹೇಳಿ ಸವೆಸಿಬಿಟ್ಟಿವೆ. ನನ್ನನ್ನು ಹಾರಿಸಿದವರು ಕ್ಯಾಪ್ಟನ್ ಬೆಳ್ಯಪ್ಪ, ಮಡಿಕೇರಿ ಕಡೆಯವರು, ಅಳೆದು ತೂಗಿ ಮಾತಾಡುವ ಮನುಷ್ಯ. ಇಳಿದು ಬಂದು, ‘ಪರವಾಗಿಲ್ಲ,’ ಅಂದರು. ಅವರ ಬಾಯಲ್ಲಿ ಅದು ದೊಡ್ಡ ಹೊಗಳಿಕೆ. ವರ್ಷವೆಲ್ಲ ಹಾರಿದೆ, ಒಂದು ದಿನವೂ ತಕರಾರಿಲ್ಲ. ಬೇಸಿಗೆಯಲ್ಲಿ ತೂಕದ ಲೆಕ್ಕ ಹಾಕಿದಾಗ ಒಂಬತ್ತು ಜನ ಅಂತಲೇ ಬಂತು. ಶಾಲ್ಮಲಾ ಆ ಕಾಗದ ಮಡಚಿ ಇಟ್ಟುಕೊಂಡರು.

ಸೆಪ್ಟೆಂಬರಿನಲ್ಲಿ ಹೊಸ ಎಂಜಿನ್‌ಗಳು ಬಂದವು. ಅವನ್ನು ನನ್ನ ರೆಕ್ಕೆಗೆ ಕೂರಿಸಿದವರು ಮುನಿವೆಂಕಟಪ್ಪನವರೇ. ಇಷ್ಟವಿಲ್ಲದ ಕೆಲಸ ಅಂತ ಒಂದು ಬೋಲ್ಟೂ ಸಡಿಲ ಬಿಡಲಿಲ್ಲ, ಅದನ್ನು ನಾನು ಸಾಕ್ಷಿ ಹೇಳಬಲ್ಲೆ. ಈ ಎಂಜಿನ್‌ನ ಕಂಪ್ಯೂಟರ್ ಹೊರಗಿನ ಗಾಳಿಯ ಒತ್ತಡ ನೋಡಿಕೊಂಡು ಎಷ್ಟು ಇಂಧನ ಬಿಡಬೇಕು ಅಂತ ಲೆಕ್ಕ ಹಾಕುತ್ತದೆ. ಮೇಲೆ ಹೋದಂತೆ ಗಾಳಿ ತೆಳ್ಳಗಾಗುತ್ತದಲ್ಲ, ಇಂಧನವೂ ಕಮ್ಮಿ ಬೇಕು. ಆ ಗಾಳಿ ನೋಡಲು ಪ್ರತಿ ಎಂಜಿನ್‌ನ ಬಲಮೈಯಲ್ಲಿ ಒಂದು ದುಂಡು ಬಿಲ್ಲೆ, ಅದರ ನಡುವೆ ಸೂಜಿ ತೂರುವಷ್ಟು ತೂತು. ಹಳೆಯ ಎಂಜಿನ್‌ನಲ್ಲಿ ಸರಿಯಾಗಿ ಅದೇ ಜಾಗದಲ್ಲಿ ಹಿತ್ತಾಳೆಯ ಹೆಸರುಬಿಲ್ಲೆ ಇತ್ತು. ಇದನ್ನು ನೆನಪಿಟ್ಟುಕೊಳ್ಳಿ.

ಅಷ್ಟರಲ್ಲಿ ಆಯುಧಪೂಜೆ ಬಂತು. ಹ್ಯಾಂಗರ್ ತೊಳೆದರು. ಸ್ಪ್ಯಾನರುಗಳನ್ನು ಕೆಂಪು ಬಟ್ಟೆಯ ಮೇಲೆ ಸಾಲಾಗಿ ಜೋಡಿಸಿದರು. ನನ್ನ ಚಕ್ರದ ಕೆಳಗೆ ನಿಂಬೆಹಣ್ಣು, ಮೂತಿಗೆ ಚೆಂಡುಹೂವಿನ ಹಾರ. ನಿಂತಿರುವಾಗ ನನ್ನ ತೂತುಗಳಿಗೆಲ್ಲ ಕೆಂಪು ಬಿರಡೆ ಹಾಕಿ ಮುಚ್ಚಿರುತ್ತಾರೆ, ಹಬ್ಬಕ್ಕೆ ಅವನ್ನೂ ತೆಗೆದು ಒಗೆಯಲು ಹಾಕಿದ್ದರು. ಎಂಜಿನ್‌ಗೆ ಬೊಟ್ಟಿಡುವುದು ಮಾತ್ರ ಮುನಿವೆಂಕಟಪ್ಪನವರ ಹಕ್ಕು. ಮನೆಯಿಂದಲೇ ಗಂಧ ತೇಯ್ದು ತರುತ್ತಿದ್ದರು. ಬರಿ ಗಂಧ ಪಂಖದ ಗಾಳಿಗೆ ಉದುರಿಹೋಗುತ್ತದೆ ಅಂತ ಅದಕ್ಕೆ ಸ್ವಲ್ಪ ಜಾಲಿ ಗೋಂದು ಕಲೆಸುವುದು ಅವರದೇ ಉಪಾಯ. ಹಬ್ಬದ ದಿನ ಇಟ್ಟ ಬೊಟ್ಟು ಮಾರನೆಯ ದಿನವೇ ಉದುರಿದರೆ ಅವರ ಮನಸ್ಸಿಗೆ ಪಿಚ್ಚೆನ್ನಿಸುತ್ತಿತ್ತು.

ಬಲಗಡೆ ಎಂಜಿನ್ ಮೊದಲು. ಉಂಗುರದ ಬೆರಳಿಗೆ ಗಂಧ ತೆಗೆದುಕೊಂಡು, ಕಣ್ಣು ಮುಚ್ಚಿ ಏನೋ ಅಂದುಕೊಂಡು, ಬೊಟ್ಟಿಟ್ಟರು. ಮೂವತ್ತಾರು ವರ್ಷ ಆ ಕೈ ಎಲ್ಲಿ ಬೊಟ್ಟಿಟ್ಟಿತ್ತೋ ಅಲ್ಲೇ ಹೋಯಿತು, ದುಂಡು ಬಿಲ್ಲೆಯ ನಟ್ಟನಡುವೆ. ತೂತಿನ ವಿಷಯ ಅವರಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದದ್ದು ತಲೆಗೆ, ಬೊಟ್ಟಿಟ್ಟದ್ದು ಕೈ. ಎಡಗಡೆ ಎಂಜಿನ್‌ನ ಬಿಲ್ಲೆ ನನ್ನ ಹೊಟ್ಟೆಯ ಕಡೆಗೆ ತಿರುಗಿದೆ, ನಡುವೆ ಏಣಿ ಅಡ್ಡವಿತ್ತು. ಹಾಗಾಗಿ ಅಲ್ಲಿ ಮೂತಿಯ ಮೇಲೇ ಇಟ್ಟು ಕೈ ಮುಗಿದರು. ನನಗೆ ಬಾಯಿಲ್ಲ. ಇದ್ದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

ಹಾರಾಟದ ದಿನ ಬೆಳಿಗ್ಗೆ ಅವರೇ ಒದ್ದೆ ಬಟ್ಟೆಯಿಂದ ಬೊಟ್ಟು ಒರೆಸಿದರು. ಬ್ಯಾಟರಿ ಬಿಟ್ಟು ಬಿಲ್ಲೆ ನೋಡಿದರು. ಫಳಫಳ ಹೊಳೆಯುತ್ತಿತ್ತು, ನಡುವೆ ಕಪ್ಪು ಚುಕ್ಕೆಯಂತೆ ತೂತು. ತೂತಿನೊಳಗೆ ಗೋಂದು ಕಚ್ಚಿಕೊಂಡಿರುವುದು ಬ್ಯಾಟರಿಗೂ ಕಾಣಲಿಲ್ಲ. ಹದಿನೇಳು ಬಿತ್ತು.

ಹದಿನಾಲ್ಕು ಜನರ ಬದಲು ಸೀಟುಗಳಿಗೆ ಮರಳಿನ ಚೀಲ ಕಟ್ಟಿದ್ದರು. ಮರಳು ನನ್ನ ಬೆನ್ನು ಬಿಡುವ ಹಾಗೆ ಕಾಣಲಿಲ್ಲ. ಬೆಳ್ಯಪ್ಪ ಮುಂದೆ, ಶಾಲ್ಮಲಾ ಪಕ್ಕದಲ್ಲಿ. ನೆಲದ ಮೇಲೆ ಎರಡೂ ಎಂಜಿನ್ ಚೆನ್ನಾಗಿ ಓಡಿದವು. ಓಡದೇ ಏನು, ಮುಚ್ಚಿದ ತೂತಿನೊಳಗೆ ಸಿಕ್ಕಿಕೊಂಡಿದ್ದು ನೆಲದ ಗಾಳಿಯೇ ತಾನೇ. ನಾನು ಮೇಲೆ ಏರಿದೆ, ಬಲಗಡೆ ಕಂಪ್ಯೂಟರ್‌ಗೆ ಮಾತ್ರ ಇನ್ನೂ ಹ್ಯಾಂಗರ್ ಬಾಗಿಲಲ್ಲೇ ಇದ್ದೇನೆ ಅನ್ನಿಸುತ್ತಿತ್ತು. ಬೇಡದ ಇಂಧನ ಸುರಿಯಿತು. ಎಂಜಿನ್ ಕಾಯ್ದು ಕೆಂಪಾಗತೊಡಗಿತು. ಕಂಪ್ಯೂಟರ್ ಗಾಬರಿಬಿದ್ದು ಏಕದಂ ಇಂಧನ ಕಡಿದುಹಾಕಿತು.

‘ಬಲಗಡೆದು ಹೋಯ್ತು,’ ಅಂದರು ಬೆಳ್ಯಪ್ಪ, ಚಹಾ ಆರಿತು ಅನ್ನುವಷ್ಟೇ ಸಲೀಸಾಗಿ. ಅದನ್ನು ಪೂರ್ತಿ ನಿಲ್ಲಿಸಿದರು.

ಒಂದೇ ಎಂಜಿನ್‌ನಲ್ಲಿ ಇಳಿಯಲು ಬಂದರೆ, ನಾನು ಏರಿದ ಮೇಲೆ ಬಂದಿದ್ದ ಹುಲ್ಲು ಕತ್ತರಿಸುವ ಟ್ರ್ಯಾಕ್ಟರು ಇನ್ನೂ ರನ್‌ವೇ ಮೇಲೆಯೇ ಇತ್ತು. ಇಳಿಯುವಂತಿಲ್ಲ. ಮಳೆ ನಿಂತ ಮೇಲಿನ ಚುರುಕು ಬಿಸಿಲು, ಪೂರ್ತಿ ಭಾರ, ಒಂದೇ ಎಂಜಿನ್. ಬೆಳ್ಯಪ್ಪ ಎಡಗಡೆದಕ್ಕೆ ಪೂರ್ತಿ ಜೋರು ಕೊಟ್ಟರು. ನಾನು ನಿಧಾನವಾಗಿ, ಆದರೂ ಏರಿದೆ. ಒಂದು ಸುತ್ತು ಹಾಕಿ ಬಂದು ಇಳಿದೆ. ಇಳಿದ ಮೇಲೆ ಶಾಲ್ಮಲಾ ಬಹಳ ಹೊತ್ತು ಬೆಲ್ಟ್ ಬಿಚ್ಚಲಿಲ್ಲ.

ಹಾರುವಾಗ ಎಂಜಿನ್ ನಿಂತಿತು ಅನ್ನುವ ಮಾತೇ ಎಲ್ಲರಿಗೂ ಸಾಕಾಯಿತು. ಇನ್ನೊಂದು ಎಂಜಿನ್ ಏನು ಮಾಡಿತು ಅಂತ ಕೇಳುವ ತಾಳ್ಮೆ ಯಾರಿಗೂ ಇರಲಿಲ್ಲ. ದಾಖಲೆ ತೆಗೆದು ನೋಡಿದಾಗ ಗಾಳಿಯ ಒತ್ತಡದ ಅಂಕಿ ನೆಲದ್ದೇ ಇತ್ತು, ಅಲುಗಾಡಿರಲಿಲ್ಲ.

‘ತೂತು ಮುಚ್ಚಿತ್ತೇನ್ರಿ?’ ಅಂತ ಶಾಲ್ಮಲಾ ಕೇಳಿದರು.

‘ಇಲ್ಲ ಮೇಡಂ. ನಾನೇ ನೋಡಿ ಮೊಹರು ಹಾಕಿದೀನಿ.’

ಅವರು ಸುಳ್ಳು ಹೇಳಲಿಲ್ಲ. ಹಾಗಂತಲೇ ನಂಬಿದ್ದರು. ಶಾಲ್ಮಲಾ ಕೂಡ ನಂಬಿದರು, ಮತ್ತೆ ಕೇಳಲಿಲ್ಲ. ಹಾಗಾದರೆ ತಪ್ಪು ಕಂಪ್ಯೂಟರಿನದೇ ಅಂತಾಯಿತು. ಕಂಪ್ಯೂಟರ್ ಪೆಟ್ಟಿಗೆ ಬಿಚ್ಚಿ ಪರೀಕ್ಷೆ ಮಾಡಿದರೆ ಏನೂ ಕೆಟ್ಟಿರಲಿಲ್ಲ. ಯಾಕೆ ಕೆಡುತ್ತದೆ ಅಂತಲೇ ಗೊತ್ತಾಗದ ಎಂಜಿನ್ ಇನ್ನೂ ಅಪಾಯ ಅಂದರು ಕೆಲವರು. ಹತ್ತು ದಿನ ಬಿಟ್ಟು ಸಮಿತಿ ಸೇರುವುದು, ಹೊಸ ಎಂಜಿನ್ ಬೇಡ ಅನ್ನುವುದು, ಶಾಲ್ಮಲಾ ಈ ಕೆಲಸದಿಂದ ಬೇರೆ ಕಡೆ ಹೋಗುವುದು, ಎಲ್ಲ ಆದಂತೆಯೇ ಆಗಿತ್ತು. ಎಂಜಿನ್‌ಗಳನ್ನು ಇಳಿಸಿ ಪೆಟ್ಟಿಗೆಗೆ ಹಾಕಲು ತಯಾರು ಮಾಡಿ ಅಂತ ಆರ್ಡರ್ ಬಂತು.

ಸಮಿತಿ ಸೇರುವುದಕ್ಕೆ ಎರಡು ದಿನ ಮುಂಚೆ, ಊಟದ ಹೊತ್ತು. ಎಲ್ಲರೂ ಕ್ಯಾಂಟೀನಿಗೆ ಹೋಗಿದ್ದರು. ಮುನಿವೆಂಕಟಪ್ಪನವರು ಬಲಗಡೆ ಎಂಜಿನ್ ಒರೆಸುತ್ತಿದ್ದರು. ಬಿಲ್ಲೆ ಒರೆಸುವಾಗ ಬಟ್ಟೆಯ ಎಳೆಯೊಂದು ತೂತಿಗೆ ಸಿಕ್ಕಿಕೊಂಡಿತು. ಎಳೆದರು. ಎಳೆಯ ತುದಿಗೆ ಹಳದಿ ಹತ್ತಿತ್ತು. ಮೂಗಿನ ಹತ್ತಿರ ಹಿಡಿದರು.

ಆಮೇಲೆ ನನ್ನ ಚಕ್ರಕ್ಕೆ ಒರಗಿ ನೆಲದ ಮೇಲೆ ಕೂತುಬಿಟ್ಟರು. ಅವರ ಭಾರ ನನಗೆ ತಿಳಿಯುತ್ತಿತ್ತು. ಕೊನೆಗೆ ಎದ್ದು ಡಬ್ಬಿಯಿಂದ ತೆಳ್ಳನೆಯ ತಂತಿ ತೆಗೆದು ಬಿಲ್ಲೆಯ ಹತ್ತಿರ ಹೋದರು. ಎರಡು ಸಲ ಚುಚ್ಚಿ ತಿರುವಿದ್ದರೆ ಗಂಧವೂ ಇಲ್ಲ, ಗೋಂದೂ ಇಲ್ಲ, ಜನವರಿಯಲ್ಲಿ ಹಾರ ಹಾಕಿಸಿಕೊಂಡು ಮನೆಗೆ ಹೋಗಬಹುದಿತ್ತು. ಅವರಿಗೆ ಬೇಕಾದ ಎಂಜಿನ್ನೇ ಗೆಲ್ಲುತ್ತಿತ್ತು. ಹೇಳಿಕೊಂಡರೋ, ಹಳೆಯದರ ಮೇಲಿನ ಮೋಹಕ್ಕೆ ಬೇಕೆಂದೇ ಮುಚ್ಚಿದ ಅಂತ ಜನ ಆಡಿಕೊಳ್ಳದೇ ಬಿಡುತ್ತಿರಲಿಲ್ಲ. ಅಂಜಿಕೆಯಾಗಿತ್ತು ಅವರಿಗೆ. ನಾಚಿಕೆಯೂ.

ತಂತಿ ಡಬ್ಬಿಗೆ ವಾಪಸ್ಸು ಹೋಯಿತು. ಅವರು ಸ್ಕ್ರೂಡ್ರೈವರ್ ತಂದು ಬಿಲ್ಲೆಯನ್ನೇ ಬಿಚ್ಚಿದರು, ಕರವಸ್ತ್ರದಲ್ಲಿ ಸುತ್ತಿ ಜೇಬಿಗಿಟ್ಟುಕೊಂಡರು. ಊಟ ಮಾಡಲಿಲ್ಲ.

ಸಮಿತಿಯವರು ನನ್ನನ್ನು ನೋಡಿಯೇ ತೀರ್ಮಾನ ಬರೆಯುತ್ತೇವೆ ಅಂತ ಹ್ಯಾಂಗರಿಗೇ ಬಂದರು. ನನ್ನ ರೆಕ್ಕೆಯ ನೆರಳಲ್ಲಿ ಮೇಜು ಹಾಕಿದ್ದರು. ಅಧ್ಯಕ್ಷರು ಕನ್ನಡಕ ಏರಿಸಿ ಕಾಗದ ತೆಗೆದಾಗ ಮುನಿವೆಂಕಟಪ್ಪನವರು ಮೇಜಿನ ಹತ್ತಿರ ಬಂದು ಕರವಸ್ತ್ರ ಬಿಚ್ಚಿದರು.

‘ಸ್ವಾಮಿ, ಎಂಜಿನ್ ತಪ್ಪೇನೂ ಇಲ್ಲ. ಆಯುಧಪೂಜೆ ದಿನ ನಾನೇ ಇದ್ರ ಮೇಲೆ ಬೊಟ್ಟಿಟ್ಟೆ. ಗೋಂದು ಕಲೆಸಿದ್ದೆ. ಒಳಗೆ ಕಟ್ಕೊಂಡಿತ್ತು. ಸರಿಯಾಗಿ ನೋಡ್ದೆ ಮೊಹರು ಹಾಕಿದ್ದೂ ನಾನೇ.’

ಶಾಲ್ಮಲಾ ಬಿಲ್ಲೆ ತೆಗೆದುಕೊಂಡು ಬೆಳಕಿಗೆ ಹಿಡಿದರು.

‘ಹತ್ತು ದಿವಸ ಆತು ನಾ ನಿದ್ದಿ ಮಾಡಿ,’ ಅಂದರು ಮೆಲ್ಲಗೆ. ‘ನನ್ನ ಲೆಕ್ಕದಾಗ ಎಲ್ಲಿ ತಪ್ಪೇತಿ ಅಂತ ಹುಡುಕ್ಲಿಕ್ಕೆ ಹತ್ತಿದ್ದೆ. ನಿಮ್ಮನ್ನ ಕೇಳಿದ್ದೆ ನಾ.’

‘ಕೇಳಿದ್ರಿ ಮೇಡಂ.’

‘ಭಾಳ ಸಿಟ್ಟು ಬಂದದ ನನಗ ನಿಮ್ಮ ಮ್ಯಾಲೆ.’

‘ಬರ್ಲೇಬೇಕು ಮೇಡಂ.’

ಅಧ್ಯಕ್ಷರು ಕನ್ನಡಕ ಇಳಿಸಿದರು. ‘ನಿಮಗೆ ಹಳೆಯ ಎಂಜಿನ್ ಮೇಲೆ ಒಲವು ಅಂತ ಕೇಳಿದ್ದೇನೆ.’

‘ಹೌದು ಸ್ವಾಮಿ. ಇವತ್ತೂ ಅದೇ ಇಷ್ಟ.’

‘ಹಾಗಾದರೆ ಸುಮ್ಮನಿರಬಹುದಿತ್ತಲ್ಲ?’

ಮುನಿವೆಂಕಟಪ್ಪನವರು ನನ್ನ ಬಲಗಡೆ ಎಂಜಿನ್ ಕಡೆ ನೋಡಿದರು. ‘ನಂಗೆ ಇಷ್ಟ ಇಲ್ಲ ಅಂತ ಅದ್ರ ಮೇಲೆ ಇಲ್ಲದ್ದು ಹೇಳಕ್ಕಾಗ್ತದಾ ಸ್ವಾಮಿ? ಅದಕ್ಕೆ ಬಾಯಿಲ್ಲ.’

ಬೆಳ್ಯಪ್ಪ ಅಷ್ಟು ಹೊತ್ತೂ ಕಂಬಕ್ಕೆ ಒರಗಿ ನಿಂತಿದ್ದರು. ‘ನಾನೂ ಒಂದು ಮಾತು ಬರೆಸಬೇಕು,’ ಅಂದರು. ‘ಆ ದಿನ ಟ್ರ್ಯಾಕ್ಟರ್ ಅಡ್ಡ ಬಂದಾಗ ಪೂರ್ತಿ ಭಾರ ಹೊತ್ತು ಒಂದೇ ಎಂಜಿನ್‌ನಲ್ಲಿ ಮೇಲೆ ಹೋದದ್ದು ಇದೇ ವಿಮಾನ. ಹಳೆಯ ಎಂಜಿನ್ ಆಗಿದ್ದರೆ ನಾನೂ ಮೇಡಮ್ಮೂ ಪಕ್ಕದ ಟೊಮೇಟೊ ಹೊಲದಲ್ಲಿ ಇರುತ್ತಿದ್ದೆವು.’

ಸಮಿತಿಯವರು ಅವತ್ತು ಯಾವ ಎಂಜಿನ್ ಅಂತ ಬರೆಯಲಿಲ್ಲ. ಮತ್ತೊಮ್ಮೆ ಹಾರಿಸಿ ನೋಡಿ ಅಂದರು. ಮುನಿವೆಂಕಟಪ್ಪನವರ ಕೆಲಸ ಉಳಿಯಿತು. ಆದರೆ ಸರಿಯಾಗಿ ನೋಡದೆ ಬಿದ್ದ ಮೊಹರಿಗೆ ಹ್ಯಾಂಗರಿನಲ್ಲಿ ಜಾಗವಿಲ್ಲ, ಅದು ಅಲ್ಲಿಯ ಕಾನೂನು. ಅವರು ಜೇಬಿನಿಂದ ಹದಿನೇಳನ್ನು ತೆಗೆದು, ಮಸಿ ಒರೆಸಿ, ಮೇಜಿನ ಮೇಲಿಟ್ಟರು. ಕೇಳುವ ತನಕ ಕಾಯಲಿಲ್ಲ.

ನವೆಂಬರಿನಲ್ಲಿ ನಾನು ಮತ್ತೆ ಏರಿದೆ. ಈ ಸಲ ಬೇಕೆಂದೇ ಒಂದು ಎಂಜಿನ್ ನಿಲ್ಲಿಸಿದರು. ಎಡಗಡೆದು ಒಮ್ಮೆ, ಬಲಗಡೆದು ಒಮ್ಮೆ. ಹದಿನಾಲ್ಕು ಚೀಲ ಮರಳನ್ನೂ ಹೊತ್ತು ಮೇಲೆ ಹೋದೆ. ಹೊಸ ಎಂಜಿನ್ನೇ ಅಂತ ತೀರ್ಮಾನವಾಯಿತು. ಜನವರಿಯಲ್ಲಿ ನನ್ನ ರೆಕ್ಕೆಯ ಕೆಳಗೇ ಮುನಿವೆಂಕಟಪ್ಪನವರಿಗೆ ಶಾಲು ಹೊದಿಸಿ ಹಾರ ಹಾಕಿದರು. ಭಾಷಣ ಮಾಡಿದವರೆಲ್ಲ ಮೂವತ್ತಾರು ವರ್ಷದ ಮಾತಾಡಿದರು, ಕೊನೆಯ ಮೂರು ತಿಂಗಳ ಮಾತು ಯಾರೂ ಎತ್ತಲಿಲ್ಲ. ಹೋಗುವಾಗ ಅವರ ಕೈ ಅಭ್ಯಾಸದಂತೆ ಜೇಬು ತಡವಿ ನೋಡಿಕೊಂಡಿತು. ಜೇಬು ಖಾಲಿಯಿತ್ತು.

ಆಮೇಲಿನದು ಹೇಳುವಂಥದ್ದು ಹೆಚ್ಚಿಲ್ಲ. ನನ್ನ ತಮ್ಮಂದಿರು ತಂಗಿಯರು ಸಾಲಾಗಿ ಹುಟ್ಟಿ, ನಾನು ನೋಡದ ಊರುಗಳಿಗೆ ಹೋದರು. ಮೊದಲನೆಯದನ್ನು ಯಾರಿಗೂ ಕೊಡುವುದಿಲ್ಲ. ಇನ್ನೂ ಏಳು ವರ್ಷ ಅದನ್ನು ಇದನ್ನು ನನ್ನ ಮೇಲೆ ಪರೀಕ್ಷೆ ಮಾಡಿದರು. ಒಂದು ದಿನ ಎಂಜಿನ್‌ಗಳನ್ನು ಬಿಚ್ಚಿ ಬೇರೆ ಕೆಲಸಕ್ಕೆ ಒಯ್ದರು. ನನ್ನನ್ನು ತರಬೇತಿ ಶಾಲೆಯ ಹಿಂದಿನ ಅಂಗಳಕ್ಕೆ ಎಳೆದು ತಂದು, ಬಾಲ ಊರದಂತೆ ಮತ್ತೆ ಮರಳಿನ ಚೀಲ ಕಟ್ಟಿದರು. ಹುಟ್ಟಿದಾಗ ಹೇಗಿದ್ದೆನೋ ಹಾಗೇ ಆದೆ. ಬೇಜಾರೇನಿಲ್ಲ. ಮಧ್ಯಾಹ್ನ ಹುಣಸೆಮರದ ನೆರಳು ಬರುತ್ತದೆ.

ಎರಡು ವರ್ಷದ ಹಿಂದೆ ಆಯುಧಪೂಜೆಯ ದಿನ ಶಾಲ್ಮಲಾ ಬಂದರು. ತಲೆ ಅರ್ಧ ಬೆಳ್ಳಗಾಗಿದೆ. ಅವರ ಜೊತೆ ಕೋಲೂರಿಕೊಂಡು ಮುನಿವೆಂಕಟಪ್ಪನವರು. ಈಗ ಹ್ಯಾಂಗರಿನಲ್ಲಿ ತೂತುಗಳಿಗೆಲ್ಲ ಬಿರಡೆ ಹಾಕಿ, ಎಣಿಸಿ, ಆಮೇಲೆ ಆ ಕೆಂಪು ಬಿರಡೆಗಳಿಗೇ ಬೊಟ್ಟಿಡುತ್ತಾರಂತೆ. ಅದನ್ನು ಶಾಲ್ಮಲಾ ದಾರಿಯುದ್ದಕ್ಕೂ ಹೇಳುತ್ತಾ ಬಂದರು. ಮುನಿವೆಂಕಟಪ್ಪನವರು ಹೂಂ ಅನ್ನುತ್ತಾ ನನ್ನ ಸುತ್ತ ಒಂದು ಸುತ್ತು ಬಂದರು. ನಾನು ಇನ್ನು ಹಾರುವುದಿಲ್ಲ ಅಂತ ಗೊತ್ತಿದ್ದೂ ಒಂದೊಂದು ತೂತಿಗೂ ಕಣ್ಣು ಹಚ್ಚಿ ನೋಡಿದರು.

‘ಮೇ ತಿಂಗಳದಾಗ ಒಂದು ಕಾಗದ ಬಂದಿತ್ರಿ,’ ಅಂದರು ಶಾಲ್ಮಲಾ. ‘ನಮ್ಮ ಆರನೇ ವಿಮಾನದ ಪೈಲಟ್ ಬರದಾನ. ಮ್ಯಾಲಿನ ಕಣಿವಿಯೊಳಗ ಗುಡ್ಡ ಕುಸಿದಿತ್ತು. ಸುಡು ಮಧ್ಯಾಹ್ನ ಮಂದೀನ್ನ ಹತ್ತಿಸಿಕೊಂಡು ಏರೂವಾಗ ಹಕ್ಕಿ ಬಡದು ಒಂದು ಎಂಜಿನ್ ಹೋತಂತ.’

ಮುನಿವೆಂಕಟಪ್ಪನವರು ನಿಂತರು. ‘ಎಷ್ಟು ಜನ ಇದ್ರು?’

‘ಹದಿನಾಲ್ಕು.’

‘ಎಲ್ರೂ?’

‘ಎಲ್ಲಾರೂ ಮುಟ್ಟ್ಯಾರ್ರಿ. ಯಾರನ್ನೂ ಇಳಿಸಲಿಲ್ಲ.’

ಮುನಿವೆಂಕಟಪ್ಪನವರು ಪಂಚೆಯ ಅಂಚಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ತಮ್ಮ ಕೈಚೀಲದಿಂದ ಒಂದು ಸಣ್ಣ ಬಟ್ಟಲು ತೆಗೆದರು. ಗಂಧ. ಉಂಗುರದ ಬೆರಳು ಅದ್ದಿ ನನ್ನ ಬಲರೆಕ್ಕೆಯ ಹತ್ತಿರ ಬಂದರು. ಅಲ್ಲಿ ಎಂಜಿನ್ ಎಲ್ಲಿದೆ, ಮರಳಿನ ಚೀಲ ತೂಗುತ್ತಿತ್ತು. ಬೆರಳು ಗಾಳಿಯಲ್ಲೇ ನಿಂತಿತು.

‘ಮೇಡಂ, ಇದ್ರಾಗೆ ಎಲ್ಲೂ ತೂತಿಲ್ಲ ತಾನೇ?’

ಶಾಲ್ಮಲಾ ಬಗ್ಗಿ ಚೀಲದ ನಾಲ್ಕೂ ಕಡೆ ನೋಡಿದರು, ಹೊಲಿಗೆಯ ಮೇಲೆ ಕೈಯಾಡಿಸಿದರು. ಯಾವ ತಪಾಸಕರೂ ಅಷ್ಟು ಶ್ರದ್ಧೆಯಿಂದ ನೋಡಿದ್ದನ್ನು ನಾನು ಕಂಡಿಲ್ಲ.

‘ಇಲ್ಲ್ರಿ,’ ಅಂದರು. ‘ನಾ ನೋಡೇನಿ. ಹಚ್ಚ್ರಿ.’

ಹಚ್ಚಿದರು. ಆಮೇಲೆ ಎರಡು ಮಳೆಗಾಲ ಕಳೆದಿವೆ, ಬೊಟ್ಟು ಇನ್ನೂ ಚೀಲದ ಮೇಲಿದೆ. ಗೋಂದು ಕಲೆಸುವುದನ್ನು ಅವರು ಬಿಟ್ಟಿರಲಿಲ್ಲ.